ಬೆಳಗಿಲ್ಲದ ಬೆಳಗ್ಗೆ

ಡಬ್ಬಿಯ ಮೇಲಿನ ಚೀಟಿ ಹೇಳುತ್ತದೆ:
ಬೆಳಗ್ಗೆ ಒಂದು, ತಿಂಡಿಯ ಜೊತೆ.

ಯಾವ ಬೆಳಗ್ಗೆ, ಮಾರಾಯ್ತಿ?
ನವೆಂಬರಿನಲ್ಲಿ ಮುಳುಗಿದ ಸೂರ್ಯ
ಜನವರಿಯ ತನಕ ತಲೆಯೆತ್ತುವುದಿಲ್ಲ ಇಲ್ಲಿ,
ಬೋಟ್ಸ್‌ಫ್ಯೋರ್ಡಿನಲ್ಲಿ.
ಹನ್ನೊಂದಕ್ಕೆ ಒಂದಿಷ್ಟು ನೀಲಿ,
ಹಳೆಯ ಅಂಗಿ ಹಿಂಡಿದ ನೀರಿನ ಹಾಗೆ.
ಒಂದಕ್ಕೆ ಅದೂ ಬಸಿದು ಹೋಗುತ್ತದೆ.
ಬೆಳಗುವುದು ಅಂತ ಉಳಿದದ್ದು ನನ್ನ ಗಾಡಿಯ ದೀಪ.

ಓಡ್ಲೌಗ್ ನಾನು. ಅರವತ್ತೊಂದು.
ಹಿಮ ತಳ್ಳುವುದು ಕಸುಬು,
ಇಪ್ಪತ್ತಾರು ಚಳಿಗಾಲ, ಒಂದೇ ಗುಡ್ಡ.
ಬಿರುಗಾಳಿ ಎದ್ದರೆ ಗೇಟು ಬೀಳುತ್ತದೆ,
ಗಾಡಿಗಳು ಸಾಲುಗಟ್ಟುತ್ತವೆ, ಮುಂದೆ ನಾನು.
ನನ್ನ ಬೆನ್ನಿನ ಹಳದಿ ದೀಪವೇ ಅವರಿಗೆ ರಸ್ತೆ.

ಸಕ್ಕರೆ ಬಂದು ಐದು ವರ್ಷ.
ಬಂತು ಅನ್ನುತ್ತೇವೆ, ನೆಂಟರು ಬಂದಂತೆ.
ಮೊದಲು ಉದ್ದನೆಯ ಬಿಳಿ ಮಾತ್ರೆ:
ಮುರಿಯಬೇಡ, ಅಗಿಯಬೇಡ, ಊಟದ ಜೊತೆ ಇಡಿಯಾಗಿ ನುಂಗು.
ಹೊಟ್ಟೆ ಎರಡು ವಾರ ಗೊಣಗಿತು, ಪಳಗಿತು.
ಕಳೆದ ವಸಂತಕ್ಕೆ ಜೊತೆಗೊಂದು ಹಸಿರು,
ಮೀನಿನ ಕಣ್ಣಿನಷ್ಟು.
"ಚಿಕ್ಕದು, ಆದರೆ ಚೇಷ್ಟೆಯದು," ಎಂದಿದ್ದಳು
ಔಷಧಿ ಅಂಗಡಿಯ ಗುನ್‌ವೋರ್,
"ತಿನ್ನದಿದ್ದರೆ ನುಂಗಬೇಡ.
ಮರೆತರೆ ಮರೆತದ್ದೇ, ಎರಡು ಸೇರಿಸಿ
ಲೆಕ್ಕ ಚುಕ್ತಾ ಮಾಡಬೇಡ."
ಕಿವಿ ಕೇಳಿಸಿಕೊಂಡಿತು.
ಕಿವಿಯದ್ದೇನು, ಮಾತ್ರೆ ನುಂಗುವುದು ಅದಲ್ಲ.

ಆ ದಿನ (ದಿನವೆಂದೆ, ಕ್ಷಮಿಸಿ)
ರಾತ್ರಿ ಪಾಳಿ ಮುಗಿಸಿ ಒಂಬತ್ತಕ್ಕೆ ಬಂದೆ,
ಗಂಜಿ ತಿಂದೆ, ನುಂಗಿದೆ, ಮಲಗಿದೆ.
ಎದ್ದಾಗ ಕಿಟಕಿ ಕಪ್ಪು. ಗಡಿಯಾರದಲ್ಲಿ ಏಳು.
ಏಳಕ್ಕೆ ಎದ್ದವರು ಏನು ಮಾಡುತ್ತಾರೆ?
ಕಾಫಿ, ಒಂದು ಚೂರು ಬ್ರೆಡ್ಡು, ಹಸಿರು.

ಅದು ಸಂಜೆಯ ಏಳು.

ಗುಡ್ಡದ ನೆತ್ತಿ. ಹಿಂದೆ ಒಂಬತ್ತು ಗಾಡಿ.
ಮೊದಲು ಬೆವರು. ಹೊರಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಆಮೇಲೆ ಸ್ಟೀರಿಂಗಿನ ಮೇಲೆ ಯಾರದೋ ಕೈ, ನಡುಗುತ್ತಿತ್ತು.
ರಸ್ತೆಯಂಚಿನ ಗೂಟಗಳು ಎರಡೆರಡಾದವು.
ಸಿಟ್ಟು ಬಂತು, ಗೂಟಗಳ ಮೇಲೆ,
ಅವನ್ನು ನೆಟ್ಟವನ ಮೇಲೆ.
ಆಗ ಗುನ್‌ವೋರಳ ಮಾತು ನೆನಪಾಯಿತು:
ಕಾರಣವಿಲ್ಲದ ಸಿಟ್ಟೂ ಒಂದು ಲಕ್ಷಣ.

ನಿಲ್ಲಿಸಿದೆ.
ಹಿಂದೆ ಒಂಬತ್ತು ಜೊತೆ ಕಣ್ಣು ಒಂದೊಂದಾಗಿ ನಿಂತವು.
ಜೇಬಿನಲ್ಲಿ ದ್ರಾಕ್ಷಿ ಸಕ್ಕರೆ ಇರಬೇಕು,
ಅದು ಇನ್ನೊಂದು ಕೋಟಿನಲ್ಲಿತ್ತು.
ಸಾಲಿನ ಬಾಲದಲ್ಲಿದ್ದ ನಿಲ್ಲಾಸನಿಗೆ ರೇಡಿಯೋದಲ್ಲಿ
ಹೇಳಬೇಕಾದದ್ದು ಒಂದೇ ಶಬ್ದ,
ಐದು ವರ್ಷ ದಿನವೂ ಆಡಿದ ಶಬ್ದ.
ನಾಲಿಗೆಗೆ ಬರಲಿಲ್ಲ.
"ಬಿಳಿ," ಎಂದೆ, "ಬಿಳಿಯದು. ಚೌಕದ್ದು."

ನಿಲ್ಲಾಸ್ ಬರುವ ಮೊದಲೇ
ಹಿಂದಿನ ಮೀನು ಲಾರಿಯಿಂದ ಲಿಥುವೇನಿಯಾದ ವೀತೇನಿಸ್,
ಗಾಡಿ ಬಿಟ್ಟು ಇಳಿಯಬಾರದು ಎಂದು
ಗೇಟಿನಲ್ಲಿ ನಾನೇ ಗದರಿದ್ದ ಹುಡುಗ,
ಇಳಿದು ಬಂದ, ನನ್ನ ಗಾಡಿಯ ಮೈ ತಡವುತ್ತ.
ದೀಪ ಓಲಾಡಿದ್ದನ್ನು ಕಂಡಿದ್ದನಂತೆ.
ಮುಖ ನೋಡಿದ. ಏನೂ ಕೇಳಲಿಲ್ಲ.
(ಅವನ ತಾಯಿಗೂ ಹೀಗೇ, ಆಮೇಲೆ ತಿಳಿಯಿತು.)
ಫ್ಲಾಸ್ಕಿನಲ್ಲಿ ಕಪ್ಪು ಚಹಾ,
ತಳದಲ್ಲಿ ಕರಗದೆ ಕುಳಿತ ಸಕ್ಕರೆಯ ದಿಬ್ಬ.
ಕಲಕಿದ. ಕುಡಿಸಿದ.
ಮದ್ದು ಮುನಿದ ರಾತ್ರಿ
ದೂರವಿಟ್ಟ ಸಿಹಿಯೇ ಮದ್ದಾಗಿ ಬಂತು.

ಕಾಲು ಗಂಟೆ ಕಳೆದು ಬೆರಳು ಚುಚ್ಚಿ ನೋಡಿದೆ, ಬ್ರೆಡ್ಡು ತಿಂದೆ.
ಸರಿಯಾದೆ ಎನ್ನಿಸಿತು, ಆದರೂ
ಸ್ಟೀರಿಂಗು ನಿಲ್ಲಾಸನಿಗೆ ಬಿಟ್ಟೆ.
ವೈದ್ಯರು ರಾತ್ರಿಯಿಡೀ ಕಣ್ಣಿಟ್ಟರು:
ಹಸಿರು ಬೇಗ ಕೈ ಬಿಡುವ ಪೈಕಿಯಲ್ಲ.

ಗುನ್‌ವೋರ್ ಬೈಯಲಿಲ್ಲ. ಪೆನ್ನು ತೆಗೆದು
ಬೆಳಗ್ಗೆ ಎಂಬುದನ್ನು ಹೊಡೆದು ಹಾಕಿ ಬರೆದಳು:
ದಿನಕ್ಕೊಮ್ಮೆ, ಕೆಲಸಕ್ಕೆ ಮುಂಚಿನ ಊಟದ ಜೊತೆ,
ವೈದ್ಯರನ್ನು ಕೇಳಿಯೇ.
ಏಳು ಮನೆಯ ಡಬ್ಬಿಯೊಂದನ್ನು ಕೊಟ್ಟಳು.
"ಆಕಾಶ ನೋಡಬೇಡ. ಇದನ್ನು ನೋಡು."

ಜನವರಿ, ಶುಕ್ರವಾರ.
ಗುಡ್ಡದ ಅಂಚಿಗೆ ಸೂರ್ಯ ಬಂದ,
ಮಾತ್ರೆಯಷ್ಟೇ ಇದ್ದ.
ಶಾಲೆಯ ಮಕ್ಕಳು ಬನ್ನು ಹಿಡಿದು ಕೂಗಿದರು.
ಬೆಳಗಾಯಿತು ಅಂದಿತು ಮೈಯೆಲ್ಲ,
ಕೈ ತಾನಾಗಿ ಡಬ್ಬಿಗೆ ಹೋಯಿತು.

ಶುಕ್ರವಾರದ ಮನೆ ಖಾಲಿ.
ಆಗಲೇ ಆಗಿದೆ.
ಮುಚ್ಚಳ ಹಾಕಿ
ಕಿಟಕಿಗೆ ಹೋದೆ.